ಸುಲ್ತಾನ್ ಬಜಾರಿನ ಜೊತೆಗಾರರು

ಹೈದರಾಬಾದಿನ ಸುಲ್ತಾನ್ ಬಜಾರ್ ಎಂದೊಡನೆ ನಮ್ಮಲ್ಲಿ ಅನೇಕರಿಗೆ ನೆನಪಾಗುವುದು ಸೀರೆ, ಬಳೆ, ಪಾತ್ರೆಗಳ ಇಕ್ಕಟ್ಟಾದ ಅಂಗಡಿಸಾಲು ಮತ್ತು ಪಕ್ಕದ ಕೋಠಿಯಲ್ಲಿ ರಸ್ತೆಯಂಚಿಗೆ ಹರಡಿಕೊಂಡಿರುವ ಹಳೆಯ ಪುಸ್ತಕಗಳು. ಆದರೆ ಈ ಬಡಾವಣೆಗೆ ಇನ್ನೊಂದು ಚರಿತ್ರೆಯೂ ಇದೆ. ಊರು ಬಿಟ್ಟು ಓದಲು ಬಂದವರು ಒಂಟಿಯಾದಾಗ, ಅವಮಾನಗೊಂಡಾಗ, ತರಗತಿಯಿಂದಲೋ ವಸತಿಯಿಂದಲೋ ಹೊರಗಾದಾಗ ಅವರ ಪಕ್ಕದಲ್ಲಿ ನಿಂತವರು ಯಾರು ಎಂಬುದರ ಚರಿತ್ರೆ ಅದು. ಇಂದು ದೇಶದ ಅನೇಕ ಕಾಲೇಜುಗಳು ವಿದ್ಯಾರ್ಥಿಗಳ ಮಾನಸಿಕ ಆರೋಗ್ಯವನ್ನು ಕಾಯಲು ಸಹಪಾಠಿಗಳನ್ನೇ ತರಬೇತುಗೊಳಿಸಿ ನೆರವಿನ ಗುಂಪುಗಳನ್ನು ಕಟ್ಟುತ್ತಿವೆ. ಇದು ಹೊಸ ಆಲೋಚನೆಯಂತೆ ತೋರುತ್ತದೆ. ಸುಲ್ತಾನ್ ಬಜಾರಿನ ನೂರಿಪ್ಪತ್ತು ವರ್ಷಗಳನ್ನು ತಿರುವಿ ನೋಡಿದರೆ ಅದರ ಬೇರುಗಳು ಹಳೆಯವು ಎಂದು ತಿಳಿಯುತ್ತದೆ. ಜೊತೆಗಾರನ ಕೈ ನಮ್ಮನ್ನು ಎಲ್ಲಿಯವರೆಗೆ ನಡೆಸಬಲ್ಲದು, ಎಲ್ಲಿ ಅದೊಂದೇ ಸಾಲದೆ ಹೋಗುತ್ತದೆ ಎಂಬುದೂ ಅಲ್ಲಿಯೇ ಸ್ಪಷ್ಟವಾಗುತ್ತದೆ.

ಮೊದಲು ಈ ಜಾಗದ ಹೆಸರನ್ನು ಗಮನಿಸಬೇಕು. 1803ರ ಸುಮಾರಿಗೆ ಬ್ರಿಟಿಷ್ ರೆಸಿಡೆಂಟ್ ಜೇಮ್ಸ್ ಅಕಿಲೀಸ್ ಕರ್ಕ್‌ಪ್ಯಾಟ್ರಿಕ್ ಮೂಸಿ ನದಿಯ ಉತ್ತರ ದಂಡೆಯಲ್ಲಿ ಭವ್ಯವಾದ ರೆಸಿಡೆನ್ಸಿ ಭವನವನ್ನು ಕಟ್ಟಿಸಲು ತೊಡಗಿದ. ಅದರ ಸುತ್ತ ಬೆಳೆದ ಪೇಟೆಗೆ ರೆಸಿಡೆನ್ಸಿ ಬಜಾರ್ ಎಂದು ಹೆಸರಾಯಿತು. ನಿಜಾಮರ ರಾಜಧಾನಿಯ ಅಂಚಿನಲ್ಲಿದ್ದರೂ ಆ ಪೇಟೆಯ ಆಡಳಿತ ಬ್ರಿಟಿಷರದಾಗಿತ್ತು. 1933ರಲ್ಲಿ ಅದು ನಿಜಾಮರ ಆಡಳಿತಕ್ಕೆ ಮರಳಿದ ಮೇಲೆ ಸುಲ್ತಾನ್ ಬಜಾರ್ ಎಂಬ ಹೆಸರು ನೆಲೆಗೊಂಡಿತು. ಈ ಆಡಳಿತದ ಗೆರೆ ಸಾಮಾನ್ಯವಾದುದಲ್ಲ. ಸಂಸ್ಥಾನದ ಇತರೆಡೆ ಸಭೆ ಸೇರಲು, ಸಂಘ ಕಟ್ಟಲು, ಖಾಸಗಿ ಶಾಲೆ ತೆರೆಯಲು ಅಧಿಕಾರಿಗಳ ಅಪ್ಪಣೆ ಕಾಯಬೇಕಿದ್ದ ಕಾಲದಲ್ಲಿ, ಗೆರೆಯ ಈಚೆಗೆ ಬಂದವರು ತುಸು ನಿರಾಳವಾಗಿ ಕೂಡಿ ಕುಳಿತು ಮಾತನಾಡಬಹುದಾಗಿತ್ತು. ವಿದೇಶಿ ಆಳ್ವಿಕೆಯ ನೆರಳು ದೇಶೀಯರ ಮಾತಿಗೆ ತಾವು ಒದಗಿಸಿದ್ದು ಚರಿತ್ರೆಯ ವಿಚಿತ್ರಗಳಲ್ಲೊಂದು.

ಆ ತಾವು ಬರಿದಾಗಿ ಉಳಿಯಲಿಲ್ಲ. 1892ರಲ್ಲಿ ಆರ್ಯಸಮಾಜ ಇಲ್ಲಿ ನೆಲೆಯೂರಿತು. 1901ರ ಸೆಪ್ಟೆಂಬರ್ 1ರಂದು ಶ್ರೀಕೃಷ್ಣದೇವರಾಯ ಆಂಧ್ರ ಭಾಷಾ ನಿಲಯ ಎಂಬ ಗ್ರಂಥಾಲಯ ಆರಂಭವಾಯಿತು. ಹಂಪೆಯ ಅರಸನ ಹೆಸರನ್ನು ಹೊತ್ತ ಈ ವಾಚನಾಲಯವನ್ನು ಕಟ್ಟಿದವರಲ್ಲಿ ಕೊಮರ್ರಾಜು ಲಕ್ಷ್ಮಣರಾವ್, ರಾವಿಚೆಟ್ಟು ರಂಗರಾವ್ ಪ್ರಮುಖರು. 1907ರಲ್ಲಿ ಮರಾಠಿ ಸಮುದಾಯದ ಹಿರಿಯರು ವಿವೇಕವರ್ಧಿನಿ ಶಾಲೆಯನ್ನು ತೆರೆದರು. ಸಮೀಪದ ಇಸಾಮಿಯಾ ಬಜಾರಿನಲ್ಲಿ ಭಾಗ್ಯರೆಡ್ಡಿ ವರ್ಮರು 1910ರಲ್ಲಿ ದಲಿತ ಮಕ್ಕಳಿಗಾಗಿ ಶಾಲೆ ಆರಂಭಿಸಿದರು. ಅದಕ್ಕೂ ಮುನ್ನ, 1906ರಲ್ಲಿ, ಅವರು ಕಟ್ಟಿದ್ದ ಸಂಘದ ಹೆಸರು ಜಗನ್ಮಿತ್ರ ಮಂಡಳಿ. ಉಳಿದ ಬಾಗಿಲುಗಳು ಮುಚ್ಚಿದ್ದವರು ತಮ್ಮ ಕೂಟಕ್ಕೆ ಮಿತ್ರರ ಮಂಡಳಿಯೆಂದು ಹೆಸರಿಟ್ಟುಕೊಂಡರು ಎಂಬುದನ್ನು ಇಲ್ಲಿ ನೆನೆಯುವುದು ಉಚಿತ. ಈ ಸಂಸ್ಥೆಗಳೆಲ್ಲವೂ ಧರ್ಮ, ಭಾಷೆ, ಶಿಕ್ಷಣಗಳ ಹೆಸರಿನಲ್ಲಿ ಹುಟ್ಟಿದವು. ಆದರೆ ಅವು ಮಾಡಿದ ಕೆಲಸದಲ್ಲಿ ಹೆಸರಿಲ್ಲದ ಇನ್ನೊಂದು ಸೇವೆಯೂ ಸೇರಿತ್ತು. ಊರಿನಿಂದ ಬಂದ ಹುಡುಗನಿಗೆ ಸಂಜೆ ಹೋಗಿ ಕೂರಲು ಒಂದು ಬೆಂಚು, ತನ್ನ ನುಡಿಯ ಒಂದು ಪತ್ರಿಕೆ, ತನ್ನಂಥವರೇ ನಾಲ್ವರು ಅಲ್ಲಿ ಸಿಗುತ್ತಿದ್ದರು.

1918ರಲ್ಲಿ ಉಸ್ಮಾನಿಯಾ ವಿಶ್ವವಿದ್ಯಾಲಯ ಸ್ಥಾಪನೆಯಾದ ಮೇಲೆ ಇಂಥ ತಾವಿನ ಅಗತ್ಯ ಹೆಚ್ಚಿತು. ದೇಶಭಾಷೆಯೊಂದರಲ್ಲಿ ಉನ್ನತ ಶಿಕ್ಷಣ ಕೊಡಬಹುದೆಂದು ತೋರಿಸಿದ್ದು ಉಸ್ಮಾನಿಯಾದ ಹಿರಿಮೆ. ಆ ಭಾಷೆ ಉರ್ದು. ಸಂಸ್ಥಾನದ ಜನರಲ್ಲಿ ಸುಮಾರು ಅರ್ಧದಷ್ಟು ತೆಲುಗರು, ಕಾಲುಭಾಗ ಮರಾಠಿಗರು, ಹತ್ತರಲ್ಲೊಂದು ಪಾಲು ಕನ್ನಡಿಗರು. ಇವರ ಮಕ್ಕಳು ಮನೆಯಲ್ಲಿ ಒಂದು ನುಡಿಯನ್ನಾಡಿ, ತರಗತಿಯಲ್ಲಿ ಇನ್ನೊಂದರಲ್ಲಿ ವಿಜ್ಞಾನ, ನ್ಯಾಯಶಾಸ್ತ್ರಗಳನ್ನು ಕಲಿತು, ಜೊತೆಗೆ ಇಂಗ್ಲಿಷನ್ನೂ ನಿಭಾಯಿಸಬೇಕಿತ್ತು. ಹಾಗೆ ಕಲಿತು ಗೆದ್ದವರೂ ಇದ್ದಾರೆ. ಕೊಪ್ಪಳ ಸೀಮೆಯ ದ್ಯಾಂಪುರದಿಂದ ಬಂದು ಉಸ್ಮಾನಿಯಾದಲ್ಲಿ ಓದಿದ ಸಿದ್ಧಯ್ಯ ಪುರಾಣಿಕರು ಉರ್ದುವನ್ನು ಬಲ್ಲ ಕನ್ನಡ ಕವಿಯಾಗಿ, ಆಡಳಿತಗಾರರಾಗಿ ಬೆಳೆದರು. ಆದರೆ ಗೆದ್ದವರ ಹೆಸರು ಉಳಿಯುವಂತೆ, ನಡುವೆಯೇ ಗಂಟುಮೂಟೆ ಕಟ್ಟಿ ಊರಿಗೆ ಮರಳಿದವರ ಹೆಸರು ಎಲ್ಲಿಯೂ ಉಳಿಯುವುದಿಲ್ಲ.

ಓದುವ ಮಕ್ಕಳನ್ನು ಪೊರೆಯುವ ಪದ್ಧತಿ ನಮ್ಮ ನಾಡಿಗೆ ಅಪರಿಚಿತವಲ್ಲ. ವಾರಾನ್ನವಿತ್ತು, ಮಠಗಳ ಪ್ರಸಾದ ನಿಲಯಗಳಿದ್ದವು. ಅವು ಹೊಟ್ಟೆಗೆ ಅನ್ನ ಕೊಟ್ಟು ಸಾವಿರಾರು ಬಡ ವಿದ್ಯಾರ್ಥಿಗಳನ್ನು ದಡ ಸೇರಿಸಿದವು. ಆದರೆ ವಾರದ ಮನೆಯಲ್ಲಿ ಉಣ್ಣುವ ಹುಡುಗ ಉಪಕೃತ. ತನ್ನ ಸಂಕಟವನ್ನು ಅನ್ನವಿಕ್ಕುವ ತಾಯಿಯ ಮುಂದೆ ಹೇಳಿಕೊಳ್ಳಲು ಅವನಿಗೆ ಸಂಕೋಚ. ವಿದ್ಯಾರ್ಥಿ ನಿಲಯ ಬಂದಾಗ ಈ ಸಂಬಂಧ ಬದಲಾಯಿತು. ಅಲ್ಲಿ ಪಕ್ಕದ ಚಾಪೆಯವನೂ ತನ್ನಷ್ಟೇ ಬಡವ, ತನ್ನಷ್ಟೇ ಹೊಸಬ. ಹೈದರಾಬಾದಿನಲ್ಲಿ 1918ರಲ್ಲಿ ಕೊತ್ವಾಲ ವೆಂಕಟರಾಮ ರೆಡ್ಡಿಯವರ ಮುಂದಾಳ್ತನದಲ್ಲಿ ಆರಂಭವಾದ ರೆಡ್ಡಿ ಹಾಸ್ಟೆಲ್ ಇಂಥ ಒಂದು ಕೇಂದ್ರ. ಜಾತಿಯ ಹೆಸರಿನಲ್ಲಿ ಹುಟ್ಟಿದ ಈ ಬಗೆಯ ನಿಲಯಗಳು ಒಳಗಿದ್ದವರಿಗೆ ಆಸರೆಯಾದವು. ಯಾರು ಒಳಗೆ, ಯಾರು ಹೊರಗೆ ಎಂಬ ಪ್ರಶ್ನೆಯನ್ನೂ ತಮ್ಮ ಹೆಸರಿನಲ್ಲೇ ಹೊತ್ತುಕೊಂಡವು.

ಅವಮಾನಗೊಂಡವನ ಪಕ್ಕದಲ್ಲಿ ಗೆಳೆಯರು ನಿಂತರೆ ಏನಾಗುತ್ತದೆಂಬುದಕ್ಕೆ 1921ರ ನವೆಂಬರಿನ ಒಂದು ಘಟನೆ ಸಾಕ್ಷಿ. ವಿವೇಕವರ್ಧಿನಿಯ ಸಭಾಂಗಣದಲ್ಲಿ ಮಹರ್ಷಿ ಧೋಂಡೋ ಕೇಶವ ಕರ್ವೆಯವರ ಅಧ್ಯಕ್ಷತೆಯಲ್ಲಿ ಸಮಾಜ ಸುಧಾರಣೆಯ ಸಮ್ಮೇಳನ ನಡೆದಿತ್ತು. ಇಂಗ್ಲಿಷ್, ಉರ್ದು, ಮರಾಠಿ ಭಾಷಣಗಳನ್ನು ಸಭೆ ತಾಳ್ಮೆಯಿಂದ ಆಲಿಸಿತು. ಆಲಂಪಲ್ಲಿ ವೆಂಕಟರಾಮರಾವ್ ಎಂಬ ವಕೀಲರು ತೆಲುಗಿನಲ್ಲಿ ಮಾತನಾಡತೊಡಗಿದಾಗ ಸಭಿಕರು ಗೇಲಿಮಾಡಿ, ಗದ್ದಲವೆಬ್ಬಿಸಿ ಅವರನ್ನು ಕೂರಿಸಿದರು. ಅಂದು ರಾತ್ರಿಯೇ ಹನ್ನೊಂದು ಹನ್ನೆರಡು ಮಂದಿ ಗೆಳೆಯರು ಒಂದು ಮನೆಯಲ್ಲಿ ಸೇರಿದರು. ಆಂಧ್ರ ಜನಸಂಘ ಹುಟ್ಟಿದ್ದು ಆ ಕೂಟದಲ್ಲಿ. ಮುಂದೆ ಮಾಡಪಾಟಿ ಹನುಮಂತರಾವ್ ಮೊದಲಾದವರ ದುಡಿಮೆಯಿಂದ ಅದು ಬೆಳೆದು, 1930ರ ಹೊತ್ತಿಗೆ ಆಂಧ್ರ ಮಹಾಸಭೆಯಾಗಿ ತೆಲಂಗಾಣದ ಚರಿತ್ರೆಯನ್ನೇ ತಿರುಗಿಸಿತು. ಆಲಂಪಲ್ಲಿಯವರು ವಿದ್ಯಾರ್ಥಿಯಲ್ಲ, ನಿಜ. ಆದರೆ ತನ್ನ ನುಡಿಗಾಗಿ ಹತ್ತು ಜನರ ನಡುವೆ ನಗೆಪಾಟಲಿಗೀಡಾದವನ ನೋವು ಪರಭಾಷೆಯ ತರಗತಿಯಲ್ಲಿ ಬಾಯಿ ತೆರೆಯಲು ಹೆದರುವ ವಿದ್ಯಾರ್ಥಿಯ ನೋವಿನಿಂದ ಬೇರೆಯಲ್ಲ. ಆ ರಾತ್ರಿ ಗೆಳೆಯರು ಅವರಿಗೆ ‘ಮರೆತುಬಿಡು’ ಎಂದು ಸಮಾಧಾನ ಹೇಳಿ ಹೊರಟುಹೋಗಲಿಲ್ಲ. ಒಬ್ಬನ ಅವಮಾನವನ್ನು ಎಲ್ಲರ ಪ್ರಶ್ನೆಯಾಗಿ ಎತ್ತಿಕೊಂಡರು.

ಕನ್ನಡಿಗರೂ ಇದೇ ದಾರಿಯಲ್ಲಿ ನಡೆದರು. ಉಸ್ಮಾನಿಯಾದಲ್ಲಿ ಕನ್ನಡ ಕಲಿಸುತ್ತಿದ್ದ ಡಿ.ಕೆ. ಭೀಮಸೇನರಾವ್ ಅವರಂಥ ಅಧ್ಯಾಪಕರು ಸಂಸ್ಥಾನದ ಕನ್ನಡಿಗರಿಗೆ ಆಸರೆಯಾದರು. 1937ರಲ್ಲಿ ನಿಜಾಂ ಕರ್ನಾಟಕ ಪರಿಷತ್ತು ರೂಪುಗೊಂಡಿತು. 1941ರಲ್ಲಿ ಎ.ಆರ್. ಕೃಷ್ಣಶಾಸ್ತ್ರಿಗಳ ಅಧ್ಯಕ್ಷತೆಯಲ್ಲಿ ಕನ್ನಡ ಸಾಹಿತ್ಯ ಸಮ್ಮೇಳನ ಹೈದರಾಬಾದಿನಲ್ಲಿಯೇ ನಡೆಯಿತು. ಸುಲ್ತಾನ್ ಬಜಾರಿಗೆ ಹತ್ತಿರದ ಕಾಚಿಗುಡದಲ್ಲಿ ಕನ್ನಡದ ಶಾಲೆ, ಸಾಹಿತ್ಯ ಮಂದಿರಗಳು ಬೇರುಬಿಟ್ಟವು. ಇವನ್ನು ನಾವು ಭಾಷಾಭಿಮಾನದ ಅಧ್ಯಾಯಗಳಾಗಿ ಮಾತ್ರ ಓದುತ್ತ ಬಂದಿದ್ದೇವೆ. ದೂರದಿಂದ ಬಂದ ಎಳೆಯರ ಮನಸ್ಸನ್ನು ಕಾಯ್ದ ತಾಣಗಳಾಗಿಯೂ ಓದಬೇಕು.

ಈ ಕಥೆಯ ಕಠಿಣವಾದ ಪರೀಕ್ಷೆ ಬಂದದ್ದು 1938ರಲ್ಲಿ. ಆ ವರ್ಷದ ಅಕ್ಟೋಬರಿನಲ್ಲಿ ಹೈದರಾಬಾದ್ ಸ್ಟೇಟ್ ಕಾಂಗ್ರೆಸ್ಸಿನ ಸತ್ಯಾಗ್ರಹ ಆರಂಭವಾಗಿ, ಸಿಂದಗಿಯಲ್ಲಿ ಹುಟ್ಟಿದ ಸ್ವಾಮಿ ರಾಮಾನಂದ ತೀರ್ಥರು ಸೆರೆಮನೆ ಸೇರಿದರು. ನವೆಂಬರಿನಲ್ಲಿ ಉಸ್ಮಾನಿಯಾದ ವಿದ್ಯಾರ್ಥಿ ನಿಲಯಗಳಲ್ಲಿ ಹಿಂದೂ ವಿದ್ಯಾರ್ಥಿಗಳು ತಮ್ಮ ಪ್ರಾರ್ಥನೆಯ ಕೋಣೆಯಲ್ಲಿ ವಂದೇಮಾತರಂ ಹಾಡುವುದನ್ನು ಅಧಿಕಾರಿಗಳು ನಿಷೇಧಿಸಿದರು. ವಿದ್ಯಾರ್ಥಿಗಳು ತರಗತಿಗಳನ್ನು ಬಹಿಷ್ಕರಿಸಿದರು. ನೂರಾರು ಮಂದಿ ಹೊರಹಾಕಲ್ಪಟ್ಟರು. ಕಲಬುರಗಿಯ ಕಾಲೇಜಿಗೂ ಮುಷ್ಕರ ಹಬ್ಬಿತು. ಈ ಚಳವಳಿಯ ರಾಜಕೀಯ ಮಹತ್ವವನ್ನು ಇತಿಹಾಸಕಾರರು ಬರೆದಿದ್ದಾರೆ. ಗೀತೆಯ ಸುತ್ತ ಅಂದು ಇದ್ದ ಮತೀಯ ಭಿನ್ನಾಭಿಪ್ರಾಯಗಳೂ ಆ ಚರಿತ್ರೆಯ ಭಾಗವೇ. ನಮ್ಮ ಪ್ರಶ್ನೆಗೆ ಬೇಕಾದದ್ದು ಇನ್ನೂ ಸರಳವಾದುದು. ಹದಿನೆಂಟು ಇಪ್ಪತ್ತರ ವಯಸ್ಸಿನ ಹುಡುಗ ಹಾಸಿಗೆ, ಊಟ, ತರಗತಿ, ಪರೀಕ್ಷೆ, ಮನೆಯವರು ಅವನ ಮೇಲಿಟ್ಟ ನಿರೀಕ್ಷೆ, ಇವೆಲ್ಲವನ್ನೂ ಒಂದೇ ಏಟಿಗೆ ಕಳೆದುಕೊಂಡ. ಅವನು ಹೇಗೆ ತಾಳಿಕೊಂಡ?

ಉತ್ತರದ ಮೊದಲ ಭಾಗ, ಅವನು ಒಬ್ಬನೇ ಹೊರಗಾಗಲಿಲ್ಲ ಎಂಬುದು. ಪಕ್ಕದ ಕೋಣೆಯವನೂ ಜೊತೆಗೇ ಹೊರಬಿದ್ದಿದ್ದ. ಎರಡನೆಯ ಭಾಗ ಅದಕ್ಕಿಂತ ಮುಖ್ಯವಾದುದು. ನಾಗಪುರ ವಿಶ್ವವಿದ್ಯಾಲಯದ ಉಪಕುಲಪತಿ ಟಿ.ಜೆ. ಕೇದಾರ್ ಅವರು ಈ ವಿದ್ಯಾರ್ಥಿಗಳಿಗೆ ಪ್ರವೇಶ ಕೊಡಲು ಒಪ್ಪಿದರು. ಅನಂತರ ಪ್ರಧಾನಿಯಾದ ಪಿ.ವಿ. ನರಸಿಂಹರಾವ್ ಅವರೂ ಈ ಚಳವಳಿಯ ಕಾರಣದಿಂದ ಸಂಸ್ಥಾನವನ್ನು ಬಿಟ್ಟು ಹೊರಗೆ ಓದು ಮುಂದುವರಿಸಬೇಕಾಗಿ ಬಂದವರಲ್ಲಿ ಒಬ್ಬರು. 1933ಕ್ಕೆ ಮೊದಲಾಗಿದ್ದರೆ ರೆಸಿಡೆನ್ಸಿ ಬಜಾರಿನ ಗೆರೆಯೊಳಗೇ ಇವರಿಗೆ ತುಸು ನೆರಳು ಸಿಗುತ್ತಿತ್ತೇನೋ. 1938ರಲ್ಲಿ ಆ ಗೆರೆ ಅಳಿಸಿಹೋಗಿತ್ತು. ತೆರೆದ ಬಾಗಿಲನ್ನು ಹುಡುಕಿ ಸುಮಾರು 500 ಕಿಲೋಮೀಟರ್ ಹೋಗಬೇಕಾಯಿತು. ಆದರೂ ಬಾಗಿಲೊಂದು ಇತ್ತು. ಅದಿಲ್ಲದೆ ಹೋಗಿದ್ದರೆ ಗೆಳೆತನವಷ್ಟೇ ಆ ಹುಡುಗರ ಬದುಕನ್ನು ಎಷ್ಟು ಕಾಲ ಎತ್ತಿ ಹಿಡಿಯುತ್ತಿತ್ತು?

ಇಲ್ಲೊಂದು ಎಚ್ಚರ ಬೇಕು. ಖಿನ್ನತೆ, ಆತಂಕ, ಮಾನಸಿಕ ಆರೋಗ್ಯ ಎಂಬ ಇಂದಿನ ಪದಗಳಿಂದ ಆ ತಲೆಮಾರು ತನ್ನ ನೋವನ್ನು ಅಳೆಯಲಿಲ್ಲ. ನಮ್ಮ ಕಾಲದ ರೋಗನಿರ್ಣಯವನ್ನು ಅವರ ಮೇಲೆ ಹೊರಿಸುವುದು ಸರಿಯಲ್ಲ. ಮನೋವ್ಯಾಧಿಗೆ ಗೆಳೆಯರ ಕೂಟವೇ ಮದ್ದೆಂದು ಈ ಚರಿತ್ರೆಯಿಂದ ತೀರ್ಮಾನಿಸುವುದೂ ಅಪಾಯಕರ. ಅದು ನಮಗೆ ಕೊಡುವುದು ಒಂದು ಮಾದರಿಯನ್ನು ಮಾತ್ರ: ಕೂಡಲು ಒಂದು ತಾಣ, ಆಡಲು ತನ್ನ ನುಡಿ, ಗೆಳೆಯನ ಬೆನ್ನ ಹಿಂದೆ ತೆರೆದಿರುವ ಒಂದು ಬಾಗಿಲು. ಕುತೂಹಲದ ಸಂಗತಿಯೆಂದರೆ, ಇದೇ ಮೂರನ್ನು ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಬೇರೆಯೇ ದಾರಿಯಿಂದ ಬಂದವರೂ ಕಂಡುಕೊಂಡರು.

1953ರಲ್ಲಿ ಲಂಡನ್ನಿನ ಪಾದ್ರಿ ಚಾಡ್ ವಾರಾ ಬದುಕು ಬೇಡವೆನಿಸಿದವರಿಗಾಗಿ ದೂರವಾಣಿಯ ಸೇವೆಯೊಂದನ್ನು ಆರಂಭಿಸಿದರು. ಸಮಾಲೋಚನೆಗಾಗಿ ಬಂದವರು ತಮ್ಮ ಸರದಿ ಕಾಯುವಾಗ ಚಹಾ ಕೊಟ್ಟು ಮಾತನಾಡಿಸಲೆಂದು ಕೆಲವು ಸ್ವಯಂಸೇವಕರಿದ್ದರು. ಅವರೊಡನೆ ಮಾತನಾಡಿದ ಅನೇಕರಿಗೆ ಒಳಗೆ ಹೋಗುವ ಅಗತ್ಯವೇ ಉಳಿಯುತ್ತಿರಲಿಲ್ಲ. ಇದನ್ನು ಗಮನಿಸಿದ ವಾರಾ, ಆಲಿಸುವ ಕೆಲಸವನ್ನು ಆ ಸಾಮಾನ್ಯ ಜನರ ಕೈಗೇ ಒಪ್ಪಿಸಿದರು. ಸಮರಿಟನ್ಸ್ ಸಂಸ್ಥೆ ಬೆಳೆದದ್ದು ಹೀಗೆ. 1970ರಲ್ಲಿ ಇಂಗ್ಲೆಂಡಿನ ಎಸೆಕ್ಸ್ ವಿಶ್ವವಿದ್ಯಾಲಯದಲ್ಲಿ ವಿದ್ಯಾರ್ಥಿಗಳೇ ರಾತ್ರಿಯಿಡೀ ವಿದ್ಯಾರ್ಥಿಗಳ ಮಾತನ್ನು ಆಲಿಸುವ ನೈಟ್‌ಲೈನ್ ಆರಂಭವಾಯಿತು. ನಮ್ಮ ದೇಶದಲ್ಲಿ ಮನೋವೈದ್ಯೆ ಲಕ್ಷ್ಮೀ ವಿಜಯಕುಮಾರ್ ಅವರು 1986ರಲ್ಲಿ ಚೆನ್ನೈಯಲ್ಲಿ ಸ್ನೇಹಾ ಎಂಬ ಸಂಸ್ಥೆಯನ್ನು ಕಟ್ಟಿದರು. 1997ರಲ್ಲಿ ಹೈದರಾಬಾದಿನಲ್ಲಿ ರೋಶ್ನಿ ಆರಂಭವಾಯಿತು.

ಈ ಸೇವೆಗಳಿಂದ ಹುಟ್ಟಿದ ಪಾಠಗಳು ಕಾಲೇಜಿನ ಜೊತೆಗಾರನಿಗೂ ಅನ್ವಯಿಸುತ್ತವೆ. ಅವನ ಮೊದಲ ಕೆಲಸ ಕೇಳುವುದು, ಬುದ್ಧಿ ಹೇಳುವುದಲ್ಲ. ಸಾಯುವ ಆಲೋಚನೆ ಬರುತ್ತಿದೆಯೇ ಎಂದು ಮೃದುವಾಗಿ, ಆದರೆ ನೇರವಾಗಿ ಕೇಳಿದರೆ ಇಲ್ಲದ ಆಲೋಚನೆ ಹುಟ್ಟಿಬಿಡುತ್ತದೆಂಬುದು ತಪ್ಪು ನಂಬಿಕೆ. ಆ ಪ್ರಶ್ನೆಯಿಂದ ಅನೇಕರಿಗೆ ಹಗುರವಾಗುತ್ತದೆ. ಕೇಳಿದ್ದನ್ನು ಗುಟ್ಟಾಗಿಡಬೇಕು, ಜೀವಕ್ಕೆ ಅಪಾಯವಿದ್ದಾಗ ಮಾತ್ರ ಆ ಗುಟ್ಟನ್ನು ತಾನೊಬ್ಬನೇ ಹೊರಬಾರದು. ನೊಂದವನನ್ನು ಸಮಾಲೋಚಕರ ಬಳಿಗೆ, ವೈದ್ಯರ ಬಳಿಗೆ ಜೊತೆಯಾಗಿ ಕರೆದೊಯ್ಯಬೇಕು. ಕೊನೆಯದಾಗಿ, ಆಲಿಸುವವನ ಮನಸ್ಸೂ ದಣಿಯುತ್ತದೆ. ಅವನಿಗೂ ಹೇಳಿಕೊಳ್ಳಲು ಒಬ್ಬರು ಬೇಕು. ಈ ಏರ್ಪಾಡು ಇಲ್ಲದೆ ‘ಗೆಳೆಯರು ನೋಡಿಕೊಳ್ಳಲಿ’ ಎನ್ನುವ ಸಂಸ್ಥೆ ತನ್ನ ಹೊಣೆಯನ್ನು ಇಪ್ಪತ್ತರ ಹರೆಯದವರ ಹೆಗಲಿಗೆ ವರ್ಗಾಯಿಸುತ್ತದೆ.

ಬಾಗಿಲು ಮುಚ್ಚಿದ್ದರೆ ಜೊತೆಗಾರರ ಸಂಕಲ್ಪವೂ ಸಾಲದೆ ಹೋಗಬಹುದೆಂಬುದನ್ನು ಹೈದರಾಬಾದ್ ಮತ್ತೊಮ್ಮೆ ಕಂಡಿತು. ನಗರದ ಪಶ್ಚಿಮದಂಚಿನ ಗಚ್ಚಿಬೌಲಿಯಲ್ಲಿರುವ ಹೈದರಾಬಾದ್ ವಿಶ್ವವಿದ್ಯಾಲಯದಲ್ಲಿ ಐವರು ದಲಿತ ಸಂಶೋಧನಾ ವಿದ್ಯಾರ್ಥಿಗಳು ವಿದ್ಯಾರ್ಥಿ ನಿಲಯದಿಂದ ಅಮಾನತುಗೊಂಡು, 2016ರ ಜನವರಿಯಲ್ಲಿ ಆವರಣದ ಬಯಲಿನಲ್ಲೇ ಬಿಡಾರ ಹೂಡಿದರು. ಆ ತಾಣಕ್ಕೆ ವೆಲಿವಾಡ ಎಂದು ಹೆಸರಿಟ್ಟರು. ಊರ ಹೊರಗಿನ ಕೇರಿ ಎಂಬುದು ಅದರ ಅರ್ಥ. ಜನವರಿ 17ರಂದು ಅವರಲ್ಲೊಬ್ಬರಾದ ರೋಹಿತ್ ವೇಮುಲ ತಮ್ಮ ಜೀವವನ್ನು ಕೊನೆಗೊಳಿಸಿಕೊಂಡರು. ಇಂಥ ಸಾವಿಗೆ ಒಂದೇ ಕಾರಣವನ್ನು ಬೆರಳಿಟ್ಟು ತೋರಿಸುವುದು ಸಲ್ಲ. ಆದರೆ ಅಲ್ಲಿ ಗೆಳೆಯರಿಗೆ ಕೊರತೆಯಿರಲಿಲ್ಲ ಎಂಬುದನ್ನು ಯಾರೂ ಅಲ್ಲಗಳೆಯಲಾರರು. ಚಳಿಯಲ್ಲಿ ಒಂದೇ ಬಯಲಲ್ಲಿ ಮಲಗುವಷ್ಟು ಗೆಳೆತನವಿತ್ತು. 1938ರ ಹುಡುಗರಿಗೆ ತೆರೆದ ನಾಗಪುರದಂಥ ಬಾಗಿಲು ಸಕಾಲದಲ್ಲಿ ತೆರೆಯಲಿಲ್ಲ.

ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋದ ವರದಿಯ ಪ್ರಕಾರ 2022ರಲ್ಲಿ ದೇಶದಲ್ಲಿ ಆತ್ಮಹತ್ಯೆಯಿಂದ ತೀರಿಕೊಂಡ ವಿದ್ಯಾರ್ಥಿಗಳ ಸಂಖ್ಯೆ 13,044. 2025ರ ಜುಲೈ 25ರಂದು ಸುಪ್ರೀಂ ಕೋರ್ಟ್ ನೀಡಿದ ತೀರ್ಪಿನಂತೆ, ನೂರು ಅಥವಾ ಅದಕ್ಕಿಂತ ಹೆಚ್ಚು ವಿದ್ಯಾರ್ಥಿಗಳಿರುವ ಪ್ರತಿಯೊಂದು ಶಿಕ್ಷಣ ಸಂಸ್ಥೆಯೂ ಅರ್ಹತೆಯುಳ್ಳ ಒಬ್ಬ ಸಮಾಲೋಚಕರನ್ನಾದರೂ ಹೊಂದಿರಬೇಕು. ಸಹಾಯವಾಣಿಯ ಸಂಖ್ಯೆಗಳನ್ನು ವಿದ್ಯಾರ್ಥಿ ನಿಲಯಗಳಲ್ಲಿ, ತರಗತಿಗಳಲ್ಲಿ ಎದ್ದುಕಾಣುವಂತೆ ಬರೆಸಬೇಕು. ತಡವಾಗಿಯಾದರೂ ಇದು ಬಾಗಿಲನ್ನು ತೆರೆಸುವ ಪ್ರಯತ್ನ. 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ ಮಾನಸ್ ಸೇವೆಯ ಸಂಖ್ಯೆ 14416. ಬೆಂಗಳೂರಿನ ನಿಮ್ಹಾನ್ಸ್ ಅದರ ಪ್ರಧಾನ ಕೇಂದ್ರ. ಹಗಲಿರುಳೂ ಉಚಿತವಾಗಿ, ಕನ್ನಡವೂ ಸೇರಿದಂತೆ ಅನೇಕ ಭಾಷೆಗಳಲ್ಲಿ ಅದು ದೊರೆಯುತ್ತದೆ.

ಕನ್ನಡವೂ ಸೇರಿದಂತೆ ಎಂಬ ಮಾತು ಹೊರನಾಡಿನ ನಮಗೆ ಮುಖ್ಯವಾದುದು. ಪರೀಕ್ಷೆಯನ್ನು ಇಂಗ್ಲಿಷಿನಲ್ಲಿ ಬರೆಯಬಹುದು, ಅಂಗಡಿಯಲ್ಲಿ ತೆಲುಗಿನಲ್ಲೋ ದಖನಿಯಲ್ಲೋ ಮಾತನಾಡಬಹುದು. ಆದರೆ ‘ಯಾಕೋ ಮನಸ್ಸಿಗೆ ನೆಟ್ಟಗಿಲ್ಲ’ ಎನ್ನುವುದನ್ನು ಮನೆಮಾತಿನಲ್ಲಿ ಹೇಳಿದಾಗಲೇ ಅದರ ಭಾರ ಕೇಳುವವನಿಗೆ ತಲುಪುತ್ತದೆ. ಸುಲ್ತಾನ್ ಬಜಾರಿನ ಹಳೆಯ ರೆಸಿಡೆನ್ಸಿ ಭವನ ಇಂದು ಹೆಣ್ಣುಮಕ್ಕಳ ವಿದ್ಯಾಲಯದ ಆವರಣದಲ್ಲಿದೆ. 1924ರಲ್ಲಿ ಬೆರಳೆಣಿಕೆಯ ವಿದ್ಯಾರ್ಥಿನಿಯರೊಂದಿಗೆ ಹುಟ್ಟಿದ ಮಹಿಳಾ ಕಾಲೇಜು 1949ರಲ್ಲಿ ಅಲ್ಲಿಗೆ ಬಂದು, ಈಚೆಗೆ ಮಹಿಳಾ ವಿಶ್ವವಿದ್ಯಾಲಯವಾಗಿ, 2024ರಿಂದ ಚಾಕಲಿ ಐಲಮ್ಮನ ಹೆಸರನ್ನು ಹೊತ್ತಿದೆ. ಸುತ್ತಮುತ್ತ ವೈದ್ಯಕೀಯ ಕಾಲೇಜಿದೆ, ಖಾಸಗಿ ವಸತಿಗೃಹಗಳಿವೆ. ಇಂಥ ಕಡೆಗಳಿಗೆ ಗಡಿ ಜಿಲ್ಲೆಗಳ ಮಕ್ಕಳು ಈಗಲೂ ಬರುತ್ತಾರೆ. ಮುಂಬಯಿ, ಪುಣೆ, ಚೆನ್ನೈ, ದೆಹಲಿಗಳಲ್ಲಿಯೂ ಹಾಗೆಯೇ.

ನಮ್ಮ ಕನ್ನಡ ಸಂಘಗಳು ರಾಜ್ಯೋತ್ಸವವನ್ನು ತಪ್ಪದೆ ಆಚರಿಸುತ್ತವೆ. ವರ್ಷಕ್ಕೊಂದು ದಿನದ ಸಂಭ್ರಮದ ಜೊತೆಗೆ ವಾರಕ್ಕೊಂದು ಸಂಜೆ ಸಂಘದ ಕೋಣೆಯನ್ನು ವಿದ್ಯಾರ್ಥಿಗಳಿಗೆ ಬಿಟ್ಟುಕೊಡುವುದು ಹೆಚ್ಚಿನ ಹೊರೆಯಲ್ಲ. ಅಲ್ಲಿ ಭಾಷಣ ಬೇಡ, ಅಧ್ಯಕ್ಷತೆ ಬೇಡ. ಹಿರಿಯ ವಿದ್ಯಾರ್ಥಿಗಳಲ್ಲಿ ಒಪ್ಪಿದ ಕೆಲವರಿಗೆ ಆಲಿಸುವ ತರಬೇತಿ ಕೊಡಿಸಬಹುದು. ಊರಿನಲ್ಲಿರುವ ಕನ್ನಡ ಬಲ್ಲ ಸಮಾಲೋಚಕರ, ಮನೋವೈದ್ಯರ ಹೆಸರುಗಳನ್ನು ಮೊದಲೇ ಕಲೆಹಾಕಿ ಇಟ್ಟುಕೊಳ್ಳಬಹುದು. ಕೋಣೆ ಯಾವ ಜಾತಿಯ, ಯಾವ ಜಿಲ್ಲೆಯ ಮಗುವಿಗೂ ತೆರೆದಿರಬೇಕೆಂಬ ಒಂದೇ ನಿಯಮ ಸಾಕು. ನೂರು ವರ್ಷಗಳ ಹಿಂದೆ ಸುಲ್ತಾನ್ ಬಜಾರಿನ ವಾಚನಾಲಯಗಳು, ಮಂಡಳಿಗಳು ಇದಕ್ಕಿಂತ ಕಡಿಮೆ ಅನುಕೂಲವಿದ್ದಾಗಲೇ ಈ ಕೆಲಸಕ್ಕೆ ತೊಡಗಿದ್ದವು. ಈ ವರ್ಷ ಹೊಸದಾಗಿ ನಮ್ಮ ಊರುಗಳಿಗೆ ಬರಲಿರುವ ಮಕ್ಕಳಿಗೆ ಆ ಕೋಣೆಯ ವಿಳಾಸ ಮೊದಲ ವಾರದಲ್ಲಿಯೇ ಸಿಗುವಂತೆ ನಾವು ನೋಡಿಕೊಳ್ಳಬೇಕು.